ಒಂದು ತೊಟ್ಟು ಆಯಿಲ್ ಮನ್ನಾ ಮಾಡಿ ಬಲಗಡೆ ಸೀಟಿಗೆ ದಯಮಾಡಿಸುವ ಬಗ್ಗೆ

ಇಂದ:
ಲೀಲ್ಯಾಂಡ್ ಟಾಲೆಫ್ಸನ್,
ಚೀಸ್ ಕಾರ್ಖಾನೆಯ ನಿವೃತ್ತ ಬಾಯ್ಲರ್ ಮೇಸ್ತ್ರಿ,
ಮನೆಯಲ್ಲೇ ಕಟ್ಟಿದ ಎರಡು ಸೀಟಿನ ವಿಮಾನದ ನಿರ್ಮಾತೃ, ಮಾಲೀಕ, ಚಾಲಕ ಹಾಗೂ ಅದರ ಕೆಳಗಿನ ನೆಲ ಒರೆಸುವವ,
ಟ್ಯಾಮರಾಕ್ ಹುಲ್ಲು ವಿಮಾನ ನಿಲ್ದಾಣ, ವಿಸ್ಕಾನ್ಸಿನ್.
(ಅರ್ಜಿದಾರನ ಕೈಗೆ ಆಯಿಲ್ ಮೆತ್ತಿರುವ ಕಾರಣ ಹಾಗೂ ಮನಸ್ಸಿನಲ್ಲಿದ್ದದ್ದನ್ನು ಮಾತಿನಲ್ಲಿ ಹೇಳಲು ಅವನಿಗೆ ಬಾರದ ಕಾರಣ, ಸದರಿ ನಿಲ್ದಾಣದ ಗುಮಾಸ್ತೆ ಟ್ವೈಲಾ ಬ್ರೆನಿಗರ್ ಆದ ನನ್ನ ಕೈಬರಹದಲ್ಲಿ.)

ಗೆ:
ಶ್ರೀಮತಿ ಆರ್ಡಿಸ್ ಟಾಲೆಫ್ಸನ್ ಅವರು,
ಸದರಿ ಅರ್ಜಿದಾರನ ಧರ್ಮಪತ್ನಿ,
ಬಲಗಡೆ ಸೀಟಿನ ವಿಷಯದಲ್ಲಿ ಏಕೈಕ ಸಕ್ಷಮ ಪ್ರಾಧಿಕಾರ,
ಅಡುಗೆಮನೆ.

ವಿಷಯ: ವಿಮಾನದ ಎಂಜಿನ್ನಿನಿಂದ ಆಯಿಲ್ ಸೋರುವುದನ್ನು ಪತ್ತೆ ಹಚ್ಚಿ ನಿಲ್ಲಿಸಿದ ಬಗ್ಗೆ, ಪೂರ್ತಿ ನಿಲ್ಲದ ಬಗ್ಗೆ, ಹಾಗೂ ನಿಲ್ಲದಿದ್ದರೂ ತಾವು ಬಂದು ಕೂರಬೇಕೆಂಬ ಬಗ್ಗೆ.

ಉಲ್ಲೇಖ:
1. ಅಡುಗೆಮನೆಯಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ, ಕಳೆದ ವಸಂತ ಋತು.
2. ಅದೇ ಆದೇಶ, ಫ್ರಿಜ್ಜಿನ ಬಾಗಿಲಿಗೆ ಹಸುವಿನ ಆಕಾರದ ಅಯಸ್ಕಾಂತದಿಂದ ಅಂಟಿಸಿದ್ದು.
3. ತಮ್ಮ ಮೌನ, ಗುರುವಾರ ಬೆಳಗಿನಿಂದ ಇಲ್ಲಿಯವರೆಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅವನು ತಪ್ಪು ಮಾಡಿದ್ದಾನೆ. ಯಾವ ತಪ್ಪು ಎಂಬುದು ಕಂಡಿಕೆ ಎಂಟರಲ್ಲಿ ಬರುತ್ತದೆ. ತಾವು ನೇರವಾಗಿ ಎಂಟಕ್ಕೆ ಹೋಗದೆ ಮೊದಲಿನಿಂದ ಓದಬೇಕೆಂದು ಅವನ ಕೋರಿಕೆ. ತಾವು ಈಗಾಗಲೇ ಎಂಟನ್ನು ಓದಿ ವಾಪಸು ಬಂದಿದ್ದೀರಿ ಎಂದು ನನಗೆ ಗೊತ್ತು.

1. ಸದರಿ ವಿಮಾನವು ತಮ್ಮ ಮನೆಯ ಗ್ಯಾರೇಜಿನಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ ಹುಟ್ಟಿ ಬೆಳೆದದ್ದು ತಮಗೆ ತಿಳಿದೇ ಇದೆ. ಆ ಕಾರಣ ತಮ್ಮ ಕಾರು ಎಷ್ಟೋ ಚಳಿಗಾಲಗಳನ್ನು ಹಿಮದಲ್ಲಿ ಕಳೆಯಿತು. ತಗಡಿಗೆ ರಿವೆಟ್ ಹೊಡೆಯುವಾಗ ಹೊರಗಿನಿಂದ ಒಬ್ಬರು ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಅರ್ಜಿದಾರನ ಹೊಟ್ಟೆ ವಿಮಾನದ ಬಾಲದೊಳಗೆ ಹಿಡಿಸದ ಕಾರಣ ತಾವೇ ಅದರೊಳಗೆ ತೆವಳಿಕೊಂಡು ಹೋಗಿ, ಮೊಣಕೈ ತರಚಿಕೊಂಡು, ಗಟ್ಟಿ ಹಿಡಿದಿರಿ. ಆ ವರ್ಷಗಳಲ್ಲಿ ಗಂಡ ಹೆಂಡಿರ ಮಾತುಕತೆಯೆಲ್ಲ ತಗಡಿನ ಆಚೆ ಈಚೆಯಿಂದಲೇ ನಡೆಯಿತು.

"ಹೊಡೀಲಾ?"

"ಹೊಡಿ."

"ಹಿಡ್ಕೊಂಡಿದೀಯಾ?"

"ಹಿಡ್ಕೊಳ್ದೆ ಇಲ್ಲೇನು ನಿದ್ದೆ ಮಾಡ್ತಿದೀನಾ? ಹೊಡಿ ಲೀಲ್ಯಾಂಡ್, ಕಾಲು ಜೋಮು ಹಿಡೀತಿದೆ."

ಆದ್ದರಿಂದ ಸದರಿ ವಿಮಾನದ ಪ್ರತಿಯೊಂದು ರಿವೆಟ್ಟಿನ ಅರ್ಧ ತಮ್ಮದು. ಅರ್ಜಿದಾರನು ಇದನ್ನು ತಮ್ಮೆದುರು ಎಂದೂ ಬಾಯಿಬಿಟ್ಟು ಹೇಳಿಲ್ಲ. ಊರಿನ ಮಿಕ್ಕೆಲ್ಲರ ಎದುರು ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡಿದ್ದಾನೆ.

2. ಕಾನೂನಿನಂತೆ, ಮನೆಯಲ್ಲಿ ಕಟ್ಟಿದ ವಿಮಾನವನ್ನು ಕಟ್ಟಿದವನು ಮೊದಲು ಒಬ್ಬನೇ ಹಾರಿಸಿ ಪರೀಕ್ಷೆ ಮುಗಿಸಬೇಕು. ಆಮೇಲಷ್ಟೇ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಬಹುದು. ವಸಂತದಲ್ಲಿ ಪರೀಕ್ಷೆ ಮುಗಿಯಿತು. ಅರ್ಜಿದಾರನು ಟೋಪಿ ಕೈಯಲ್ಲಿ ಹಿಡಿದುಕೊಂಡು ತಮ್ಮನ್ನು ಕರೆಯಲು ಬಂದನು. ಆಗ ತಾವು ಕೇಳಿದ ಪ್ರಶ್ನೆ ಒಂದೇ: "ಸೋರುತ್ತಾ?"

ಅರ್ಜಿದಾರನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನು ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದನು. ತಾವು ಅಲ್ಲೇ ಆದೇಶ ಹೊರಡಿಸಿದಿರಿ: ಬಿಳಿ ಬಟ್ಟೆಯನ್ನು ಎಂಜಿನ್ ಕೆಳಗೆ ಸಂಜೆ ಹಾಸಬೇಕು, ಒಂದೂ ತೊಟ್ಟು ಬೀಳದೆ ಬೆಳಿಗ್ಗೆ ಬಟ್ಟೆ ಬಿಳಿಯಾಗಿಯೇ ಇರಬೇಕು, ಹಾಗಿದ್ದ ದಿನ ಬಂದು ಕೂರುತ್ತೇನೆ, ಅಲ್ಲಿಯವರೆಗೆ ಬೇಕಾದರೆ ಬೇರೆ ಯಾರನ್ನಾದರೂ ಕೂರಿಸಿಕೋ.

ಸದರಿ ಆದೇಶ ನ್ಯಾಯಸಮ್ಮತವೆಂದು ಅರ್ಜಿದಾರನು ಒಪ್ಪುತ್ತಾನೆ. ಅವನ ಕೈಯಲ್ಲಿ ಸೋರದ ಯಂತ್ರ ಇದುವರೆಗೆ ಇಲ್ಲ. ಹಿಮ ತಳ್ಳುವ ಯಂತ್ರ ಸೋರಿತು, ಮೀನು ಹಿಡಿಯುವ ದೋಣಿ ಒಳಮುಖವಾಗಿ ಸೋರಿತು. ಮದುವೆಯಾದ ದಿನ ತಮ್ಮಿಬ್ಬರನ್ನು ಗುಟ್ಟಾಗಿ ಸರೋವರದ ದಡದ ವಸತಿಗೃಹಕ್ಕೆ ಕರೆದೊಯ್ದ ಕಾರು ದಾರಿಯುದ್ದಕ್ಕೂ ತೊಟ್ಟಿಕ್ಕಿತು. ಮರುದಿನ ಬೆಳಿಗ್ಗೆ ತಮ್ಮ ಚಿಕ್ಕಮ್ಮ ಆ ತೊಟ್ಟುಗಳ ಜಾಡು ಹಿಡಿದು ಬಂದು, "ಕೇಕು ಉಳಿದಿತ್ತು, ತಗೊಂಡ್ಬಂದೆ" ಎಂದು ಬಾಗಿಲು ತಟ್ಟಿದ್ದನ್ನು ಚರ್ಚಿನ ಹೆಂಗಸರು ಈಗಲೂ ಹೇಳಿಕೊಂಡು ನಗುತ್ತಾರೆ. ಆ ಕಾರಣ ತಾವು ಎರಡು ಸಾವಿರ ಅಡಿ ಎತ್ತರದಲ್ಲಿ ಇವನ ಎಂಜಿನ್ನಿನ ಹಿಂದೆ ಕೂರಲು ಹಿಂದೇಟು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಬೇರೆ ಯಾರನ್ನಾದರೂ ಕೂರಿಸಿಕೋ ಎಂಬ ಭಾಗವನ್ನು ಅರ್ಜಿದಾರನು ಪಾಲಿಸಿಲ್ಲ. ನಿಲ್ದಾಣದಲ್ಲಿ ಅವನ ವಿಮಾನದ ಶೆಡ್ಡಿಗೆ ಪಕ್ಕದ ಹ್ಯಾಂಗರಿನ ನಾರ್ಬ್ ವೊಯ್ಚಿಕ್ ಕೇಳಿದ. ಎದುರು ಹ್ಯಾಂಗರಿನ ಗೇಲನ್ ಫಿಸ್ಟರ್ ಕೇಳಿದ. ಪಾದ್ರಿಗಳೂ ಕೇಳಿದರು. ಎಲ್ಲರಿಗೂ ಒಂದೇ ಉತ್ತರ ಸಿಕ್ಕಿತು: "ಆ ಸೀಟು ಆರ್ಡಿಸ್‌ದು."

3. ಕಾರಣ, ಸೋರಿಕೆ ಪತ್ತೆ ಕಾರ್ಯ ಆರಂಭವಾಯಿತು. ವಿಮಾನದಲ್ಲಿ ಏನು ಸೋರಿದರೂ ಅದಕ್ಕೊಂದು ಬಣ್ಣವಿದೆ. ನೀಲಿ ಕಂಡರೆ ಪೆಟ್ರೋಲು, ಕೆಂಪು ಕಂಡರೆ ಬ್ರೇಕಿನ ಎಣ್ಣೆ, ಜೇನಿನ ಬಣ್ಣದಿಂದ ಮಸಿಯವರೆಗೆ ಯಾವುದು ಕಂಡರೂ ಎಂಜಿನ್ ಆಯಿಲ್. ಮೊದಲ ಬೆಳಿಗ್ಗೆ ತಾವು ಕೊಟ್ಟ ಹಳೆಯ ಬಿಳಿ ಹಾಸುಬಟ್ಟೆಯ ಮೇಲೆ ಈ ಮೂರೂ ಇದ್ದವು. ಗೇಲನ್ ಅದನ್ನು ನೋಡಿ, "ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಬಾವುಟ ಮಾಡ್ಬೋದಲ್ಲೋ" ಎಂದನು. ಅರ್ಜಿದಾರನು ನಗಲಿಲ್ಲ.

ನೀಲಿ ಬಂದದ್ದು ಪೆಟ್ರೋಲು ಸೋಸುವ ಬಟ್ಟಲಿನ ಮೂತಿಯಿಂದ. ಅರ್ಜಿದಾರನು ಅಲ್ಲಿ ಅಡುಗೆಮನೆ ನಲ್ಲಿಗೆ ಸುತ್ತುವ ಬಿಳಿ ಪಟ್ಟಿಯನ್ನು ಸುತ್ತಿದ್ದನು. ವಿಮಾನದಲ್ಲಿ ಅದನ್ನು ಸುತ್ತಬಾರದೆಂದು ಎಲ್ಲ ಕೈಪಿಡಿಗಳಲ್ಲೂ ಬರೆದಿದೆ. ಅವನು ಕೈಪಿಡಿ ಓದಿದ್ದನು, ಆದರೂ ಬಾಯ್ಲರಿನ ಕೈ ಕೇಳಲಿಲ್ಲ. ಬಿಚ್ಚಿ, ಸರಿಯಾದ ಅಂಟು ಹಚ್ಚಿ ಕೂರಿಸಿದ ಮೇಲೆ ನೀಲಿ ನಿಂತಿತು. ಕೆಂಪು ಬಂದದ್ದು ಬಲಗಡೆಯ, ಅಂದರೆ ತಮ್ಮ ಕಾಲಿನ ಬಳಿಯ ಬ್ರೇಕಿನಿಂದ. ಅದನ್ನು ಅರ್ಜಿದಾರನು ಎಲ್ಲಕ್ಕಿಂತ ಮೊದಲು ಸರಿಪಡಿಸಿದನು. "ಅವಳ ಶೂಗೆ ಹತ್ಬಾರ್ದು" ಎಂದು ಅವನು ಗೊಣಗಿದ್ದನ್ನು ನಾನೇ ಕೇಳಿದ್ದೇನೆ.

4. ಉಳಿದದ್ದು ಆಯಿಲ್. ಆಯಿಲ್ ಕಪಟಿ. ಒಂದು ಕಡೆ ಹುಟ್ಟಿ, ಗಾಳಿಯ ಜೊತೆ ಊರೆಲ್ಲ ಸುತ್ತಿ, ಸಂಬಂಧವೇ ಇಲ್ಲದ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಅದನ್ನು ಹಿಡಿಯುವ ಕ್ರಮವೇನೆಂದರೆ, ಎಂಜಿನ್ನನ್ನು ಹೊಳೆಯುವಂತೆ ತೊಳೆದು, ಒಣಗಿಸಿ, ಮೇಲೆಲ್ಲ ಪಾದಕ್ಕೆ ಹಾಕುವ ಬಿಳಿ ಪುಡಿ ಸಿಂಪಡಿಸಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುವುದು. ಪುಡಿಯ ಮೇಲೆ ಎಲ್ಲಿಂದ ಕಪ್ಪು ಗೆರೆ ಹೊರಟಿದೆಯೋ ಅದೇ ಕಳ್ಳನ ಮನೆ.

ಈ ಕಾರಣಕ್ಕಾಗಿಯೇ ತಮ್ಮ ದಿನಸಿ ಚೀಟಿಯ ಕೊನೆಯಲ್ಲಿ ಪಾದದ ಪುಡಿ ಎಂದು ಬರೆಯಲಾಗಿತ್ತೇ ಹೊರತು ಬೇರೆ ಉದ್ದೇಶವಿರಲಿಲ್ಲ. ತಾವು ಆಗ ಕೇಳಿದಿರಿ:

"ಯಾರ ಪಾದಕ್ಕೆ?"

"ಎಂಜಿನ್ನಿಗೆ."

"ಕಜ್ಜಿನಾ?"

"ಇನ್ನೂ ಗೊತ್ತಾಗಿಲ್ಲ."

ಇದಕ್ಕೆ ತಾವು ನಕ್ಕಿದ್ದಿರಿ. ಬಸಳೆ ಚಪ್ಪರದಂತೆ ಹಬ್ಬಿದ ಈ ತನಿಖೆಯಲ್ಲಿ ತಾವು ನಕ್ಕದ್ದು ಅದೊಂದೇ ಸಲ ಎಂದು ಅರ್ಜಿದಾರನು ನೆನಪಿಟ್ಟುಕೊಂಡಿದ್ದಾನೆ. ಸದರಿ ನಗೆಯನ್ನು ಅರ್ಜಿಯಲ್ಲಿ ನಮೂದಿಸಲೇಬೇಕೆಂದು ಹಟ ಹಿಡಿದ ಕಾರಣ ನಮೂದಿಸಲಾಗಿದೆ.

5. ಪುಡಿ ಹಾಕಿದಾಗಲೆಲ್ಲ ಒಂದೊಂದು ಗೆರೆ ಕಾಣಿಸಿತು. ಅರ್ಜಿದಾರನು ಗೆರೆ ಕಂಡ ಕಡೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದನು. ಬಿಗಿ ಮಾಡಿದ ಕಡೆ ಬೆಂಡಿನ ವಾಷರ್ ಹಿಸುಕಿಕೊಂಡು ಹೊರಗೆ ಬಂದು ಹೊಸ ಗೆರೆ ಹೊರಟಿತು. ಅದನ್ನು ಇನ್ನಷ್ಟು ಬಿಗಿ ಮಾಡಿದನು. ತಾವು ಒಂದು ಮಧ್ಯಾಹ್ನ ಸ್ಯಾಂಡ್‌ವಿಚ್ ಕೊಡಲು ಬಂದವರು ಬಾಗಿಲಲ್ಲೇ ನಿಂತು, "ಅದರ ಕುತ್ತಿಗೆ ಬಿಡು ಲೀಲ್ಯಾಂಡ್, ಉಸಿರಾಡ್ಲಿ" ಎಂದಿರಿ. ಅವನು ಅದಕ್ಕೂ ಬೆಲೆ ಕೊಡಲಿಲ್ಲ. ಹೀಗಾಗಿ ಆ ತಿಂಗಳ ಸೋರಿಕೆಗಳಲ್ಲಿ ಹೆಚ್ಚಿನವು ದುರಸ್ತಿಯಿಂದಲೇ ಹುಟ್ಟಿದವು ಎಂದು ಈ ಮೂಲಕ ದೃಢೀಕರಿಸಲಾಗಿದೆ. ಕಡೆಗೆ ವಾಷರುಗಳನ್ನೆಲ್ಲ ಹೊಸದು ಹಾಕಿ, ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಿದ ಮೇಲೆ ಎಂಜಿನ್ನಿನ ಮೇಲ್ಭಾಗ ಒಣಗಿತು.

ಆದರೆ ಹೊಟ್ಟೆಯ ಭಾಗ ಒಣಗಲಿಲ್ಲ. ಪ್ರತಿ ಸಲ ಹಾರಿ ಬಂದಾಗಲೂ ವಿಮಾನದ ಕೆಳಗೆಲ್ಲ ಆಯಿಲ್ ಬಳಿದುಕೊಂಡಿರುತ್ತಿತ್ತು, ಸಂಜೆ ಹಾಸಿದ ಬಟ್ಟೆ ಬೆಳಿಗ್ಗೆ ಚಿರತೆ ಚರ್ಮವಾಗಿರುತ್ತಿತ್ತು.

6. ಇಲ್ಲಿ ಒಂದು ವಿಚಿತ್ರವನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ. ಹಾರುವ ಮೊದಲು ಎಂಜಿನ್ನಿಗೆ ಕಡ್ಡಿ ಇಳಿಸಿ ಆಯಿಲ್ ಎಷ್ಟಿದೆ ಎಂದು ನೋಡುವುದು ಕಡ್ಡಾಯ. ಅಷ್ಟು ಸೋರುತ್ತಿದ್ದ ಎಂಜಿನ್ನಿನಲ್ಲಿ ಆಯಿಲ್ ಕಡಿಮೆಯಾಗುತ್ತಲೇ ಇರಲಿಲ್ಲ. ನೋಡಿದಾಗಲೆಲ್ಲ ಮೇಲಿನ ಗೀಟಿನವರೆಗೆ ತುಂಬಿರುತ್ತಿತ್ತು. ಅರ್ಜಿದಾರನು ಒಂದು ತೊಟ್ಟೂ ಹಾಕಿರಲಿಲ್ಲ.

"ಸೋರುತ್ತೆ ಟ್ವೈಲಾ, ಆದ್ರೆ ಕಮ್ಮಿ ಆಗಲ್ಲ" ಎಂದು ನನ್ನ ಕಚೇರಿಗೆ ಬಂದು ಹೇಳಿದನು. ಮುಖ ಬಿಳಿಚಿಕೊಂಡಿತ್ತು.

"ಎಷ್ಟು ದಿನದಿಂದ?"

"ಯಾವಾಗ್ಲೂ."

"ಹಾಗಾದ್ರೆ ಮಾರ್ಬೇಡ. ಎಣ್ಣೆ ಬಾವಿ ತೋಡಿದೀಯ."

ಶುಕ್ರವಾರದ ಮೀನು ಊಟಕ್ಕೆ ಹೋದಾಗ ಹೋಟೆಲಿನಲ್ಲಿ ಇದೇ ವಿಷಯ ಬಂತು. ಗೇಲನ್ ಬ್ರಾಂಡಿ ಲೋಟವನ್ನು ನೋಡುತ್ತ, "ಒಳ್ಳೆ ಎಂಜಿನ್ನು ಕಣೋ ನಿಂದು" ಎಂದನು. ನಾರ್ಬ್ "ಹೂಂ" ಎಂದನು. ಇಬ್ಬರ ಮುಖದಲ್ಲೂ ಸಣ್ಣ ತೃಪ್ತಿಯೊಂದಿತ್ತು. ಅರ್ಜಿದಾರನು ಅದನ್ನು ಬ್ರಾಂಡಿಯ ಲೆಕ್ಕಕ್ಕೆ ಹಾಕಿದನು.

7. ನಂತರದ ಭಾನುವಾರ ಪಾದ್ರಿಗಳಿಗೆ ಗಂಟಲು ಕಟ್ಟಿ ಪ್ರಾರ್ಥನೆ ಬೇಗ ಮುಗಿಯಿತು. ಚರ್ಚಿಗೆ ಚಕ್ಕರ್ ಹೊಡೆದ ಅರ್ಜಿದಾರನು ಆಗ ವಿಮಾನದ ಕೆಳಗೆ ಬೆನ್ನ ಮೇಲೆ ಮಲಗಿದ್ದನು (ತಾವು ಅವನನ್ನು ಚರ್ಚಿನಲ್ಲಿ ಹುಡುಕಿದ್ದಿರಿ ಎಂದು ಅವನಿಗೆ ಆಮೇಲೆ ತಿಳಿಯಿತು, ಅದಕ್ಕೂ ಕ್ಷಮೆ ಕೋರಲಾಗಿದೆ). ಹ್ಯಾಂಗರಿನ ಬಾಗಿಲು ಮೆಲ್ಲಗೆ ತೆರೆಯಿತು. ಒಂದು ಜೊತೆ ಬೂಟು ಒಳಗೆ ಬಂದು ಎಂಜಿನ್ನಿನ ಬಳಿ ನಿಂತಿತು. ಅವು ಗೇಲನ್‌ನ ಭಾನುವಾರದ ಬೂಟುಗಳು. ಮುಚ್ಚಳ ಬಿಚ್ಚಿದ ಸದ್ದಾಯಿತು. ಅಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ಸಗಣಿ ಮೆತ್ತಿದ ಇನ್ನೊಂದು ಜೊತೆ ಬೂಟು ಒಳಗೆ ಬಂದು, ಮೊದಲನೆಯದನ್ನು ಕಂಡು, ನಿಂತಲ್ಲೇ ನಿಂತಿತು. ಅವು ನಾರ್ಬ್‌ನವು.

"ನೀನ್ಯಾಕೆ ಇಲ್ಲಿ?" ಎಂದಿತು ಸಗಣಿ ಬೂಟು.

"ಸುಮ್ನೆ. ನೀನು?"

"ನಾನೂ ಸುಮ್ನೆ."

ಭಾನುವಾರದ ಬೂಟು ಒಂದು ಹೆಜ್ಜೆ ಮುಂದೆ ಬಂತು.

"ಜಾಕೆಟ್ ಒಳಗೆ ಏನೋ ಅದು?"

"ಹೊಟ್ಟೆ."

"ಹೊಟ್ಟೆಗೆ ಮುಚ್ಚಳ ಇರುತ್ತೇನೋ?"

"ನಿನ್ ಕೈಲಿರೋದೇನು ಹಾಗಾದ್ರೆ? ಮೇಪಲ್ ಪಾಕಾನಾ?"

ಆಮೇಲೆ ನಿಧಾನವಾಗಿ ವಿಷಯ ಹೊರಬಿತ್ತು. ಚಳಿಗಾಲದಲ್ಲಿ ಅರ್ಜಿದಾರನು ಸೊಂಟದ ಮೂಳೆ ಬದಲಿಸಿಕೊಂಡು ಮಲಗಿದ್ದಾಗ, ಪಕ್ಕದವನ ವಿಮಾನ ನೋಡಿಕೊಳ್ಳುವುದು ಧರ್ಮವೆಂದು ಇಬ್ಬರೂ ಬೇರೆ ಬೇರೆಯಾಗಿ ನಿಶ್ಚಯಿಸಿದ್ದರು. ಬಂದು ಚಕ್ರದ ಗಾಳಿ ನೋಡುವುದು, ಇಲಿ ಗೂಡು ತೆಗೆಯುವುದು, ಆಯಿಲ್ ಕಡಿಮೆ ಕಂಡರೆ ಒಂದು ಡಬ್ಬಿ ಸುರಿದು ಹೋಗುವುದು. ಅವನು ಎದ್ದು ಓಡಾಡಿದ ಮೇಲೂ ನಿಲ್ಲಿಸಲಿಲ್ಲ. ಆಯಿಲ್ ಸೋರುತ್ತಿದೆ ಎಂದು ಅವನು ಗೋಳಾಡಿದಷ್ಟೂ ಇವರ ಕರುಣೆ ಹೆಚ್ಚಿತು. ನಾರ್ಬ್ ಹಾಲು ಕರೆದಾದ ಮೇಲೆ, ಗೇಲನ್ ಚರ್ಚು ಮುಗಿದ ಮೇಲೆ. ಒಬ್ಬನ ವಿಷಯ ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಇಬ್ಬರೂ ಅರ್ಜಿದಾರನಿಗೆ ಹೇಳಲಿಲ್ಲ, ಏಕೆಂದರೆ ಹೇಳಿದರೆ ಅವನು ಥ್ಯಾಂಕ್ಸ್ ಹೇಳಬೇಕಾಗುತ್ತದೆ, ಇವರು ಪರವಾಗಿಲ್ಲ ಎನ್ನಬೇಕಾಗುತ್ತದೆ, ಮೂವರಿಗೂ ಮುಜುಗರ. ನಮ್ಮ ಕಡೆ ಗಂಡಸರು ಸತ್ತರೂ ಈ ಮುಜುಗರಕ್ಕೆ ಒಡ್ಡಿಕೊಳ್ಳುವುದಿಲ್ಲ ಎಂಬುದು ತಮಗೆ ಹೊಸದಲ್ಲ.

ಅರ್ಜಿದಾರನಿಗೆ ಆಗ ಜ್ಞಾನೋದಯವಾಯಿತು. ಈ ಜಾತಿಯ ಎಂಜಿನ್ನಿಗೆ ಮೇಲಿನ ಗೀಟಿನವರೆಗೆ ತುಂಬಿದ ಆಯಿಲ್ ಹಿಡಿಸುವುದಿಲ್ಲ. ಕೆಳಗಿನ ಗೀಟಿನವರೆಗೆ ಇದ್ದರೆ ಸಾಕು. ಹೆಚ್ಚಾದದ್ದನ್ನು ಅದು ತನ್ನ ಉಸಿರಾಟದ ಕೊಳವೆಯಿಂದ ಹೊಟ್ಟೆಯ ಮೇಲೆಲ್ಲ ಉಗುಳಿಬಿಡುತ್ತದೆ. ಎಂಜಿನ್ ಸೋರುತ್ತಲೇ ಇರಲಿಲ್ಲ, ಒತ್ತಾಯದ ಊಟ ತಡೆಯಲಾರದೆ ವಾಂತಿ ಮಾಡುತ್ತಿತ್ತು. ಅದು ಉಗುಳಿದಷ್ಟನ್ನು ಇವರು ಸುರಿಯುತ್ತಿದ್ದರು, ಇವರು ಸುರಿದಷ್ಟನ್ನು ಅದು ಉಗುಳುತ್ತಿತ್ತು, ನಡುವೆ ನಮ್ಮ ಅರ್ಜಿದಾರನು ಪಾದದ ಪುಡಿ ಹಿಡಿದುಕೊಂಡು ಬೇಸಿಗೆ ಪೂರ್ತಿ ಕಳೆದನು.

ಆದರೆ ಇಷ್ಟು ಒಳ್ಳೆಯವರಿಗೆ ಸಾಕು ಎಂದು ಹೇಳುವುದು ಹೇಗೆ? ಅವನು ಬೂಟುಗಳು ಹೊರಟುಹೋಗುವವರೆಗೆ ಉಸಿರು ಬಿಗಿಹಿಡಿದು ಕೆಳಗೇ ಮಲಗಿದ್ದನು. ಆಮೇಲೆ ಎದ್ದು, ಹೆಚ್ಚಾದ ಆಯಿಲ್ಲನ್ನು ಇಳಿಸಿ, ಆಯಿಲ್ ಹಾಕುವ ಮುಚ್ಚಳದ ಮೇಲೆ ಒಂದು ಕಾಫಿ ಕಪ್ಪನ್ನು ತಲೆಕೆಳಗಾಗಿ ಮಗುಚಿಟ್ಟನು. ಹೋಟೆಲಿನಲ್ಲಿ ಕಪ್ಪು ಮಗುಚಿಟ್ಟರೆ ಇನ್ನು ಕಾಫಿ ಬೇಡವೆಂದು ಅರ್ಥ, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಮರುದಿನ ಗೇಲನ್ ನೋಡಿದ, ಅದರ ಮರುದಿನ ನಾರ್ಬ್ ನೋಡಿದ. ಅಂದಿನಿಂದ ಯಾರೂ ಒಂದು ಹನಿಯನ್ನೂ ಹಾಕಿಲ್ಲ, ಯಾರೂ ಒಂದು ಮಾತನ್ನೂ ಆಡಿಲ್ಲ.

8. ಈಗ ತಪ್ಪಿನ ವಿಷಯ. ವಿಮಾನದ ಹೊಟ್ಟೆಯನ್ನು ತೊಳೆದು ಒರೆಸಿ, ಹಾರಿ ಬಂದು, ಆದೇಶದಂತೆ ಬಟ್ಟೆ ಹಾಸುವ ಸಮಯ ಬಂತು. ಆದರೆ ತಾವು ಕೊಟ್ಟ ಹಾಸುಬಟ್ಟೆ ಅಷ್ಟು ಹೊತ್ತಿಗೆ ಎಷ್ಟು ಒಗೆದರೂ ಹೋಗದ ಹಳೆಯ ಕಲೆಗಳಿಂದ ತುಂಬಿತ್ತು. ಹೊಸ ಕಲೆ ಬಿದ್ದರೆ ಹಳೆಯದರಲ್ಲಿ ಸೇರಿಹೋಗುತ್ತದೆ, ಅದು ಮೋಸವಾಗುತ್ತದೆ ಎಂದು ಅರ್ಜಿದಾರನು ಯೋಚಿಸಿದನು. ತಮ್ಮ ಪರೀಕ್ಷೆಗೆ ಮನೆಯಲ್ಲಿರುವ ಅತ್ಯಂತ ಬಿಳಿಯ ಬಟ್ಟೆಯೇ ಆಗಬೇಕೆಂದು ತೀರ್ಮಾನಿಸಿದನು. ತನಗೆ ತಾನೇ ಕಠಿಣ ಶಿಕ್ಷೆ ವಿಧಿಸಿಕೊಳ್ಳುತ್ತಿದ್ದೇನೆ ಎಂದು ಭಾವಿಸಿ, ಬುಧವಾರ ಸಂಜೆ ಊಟದ ಕೋಣೆಯ ಕೆಳಗಿನ ಡ್ರಾಯರನ್ನು ಎಳೆದು, ತಮ್ಮ ಅಜ್ಜಿ ನಾರ್ವೆಯಿಂದ ಹಡಗಿನಲ್ಲಿ ತಂದ, ಬಿಳಿಯ ಮೇಲೆ ಬಿಳಿ ದಾರದ ಕಸೂತಿಯುಳ್ಳ, ಕ್ರಿಸ್‌ಮಸ್ ದಿನ ಮಾತ್ರ ಹೊರಗೆ ಬರುವ ಮೇಜುಬಟ್ಟೆಯನ್ನು ತೆಗೆದುಕೊಂಡು ಹೋಗಿ ಎಂಜಿನ್ ಕೆಳಗೆ ಹಾಸಿದನು.

ಇದನ್ನು ಬರೆದುಕೊಳ್ಳುವಾಗ ನಾನು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದೆ. "ಅದೇ ಬೇಕಿತ್ತೇನೋ ನಿಂಗೆ?" ಎಂದೆ. "ಅದು ಬಿಳಿ ಇತ್ತು" ಎಂದನು.

ಗುರುವಾರ ಬೆಳಿಗ್ಗೆ ನೋಡಿದರೆ ಇಡೀ ಬಟ್ಟೆ ಅಪ್ಪಟ ಬಿಳಿ, ನಡುವೆ ಒಂದೇ ಒಂದು ತೊಟ್ಟು. ನಾರ್ಬ್ ಮತ್ತು ಗೇಲನ್ ಕೂಡ ನೋಡಲು ಬಂದಿದ್ದರು. ಮೂವರೂ ಟೋಪಿ ತೆಗೆದು ಬಟ್ಟೆಯ ಸುತ್ತ ನಿಂತರು.

"ಒಂದು ತೊಟ್ಟು ಯಾವ ಲೆಕ್ಕ ಮಾರಾಯ" ಎಂದನು ನಾರ್ಬ್. "ಈ ಎಂಜಿನ್ನಲ್ಲಿ ಒಂದು ತೊಟ್ಟೂ ಬೀಳ್ಲಿಲ್ಲ ಅಂದ್ರೆ ಒಳಗೆ ಆಯಿಲ್ಲೇ ಇಲ್ಲ ಅಂತ ಅರ್ಥ."

"ಅವಳು ಒಂದೂ ಬೀಳ್ಬಾರ್ದು ಅಂದಿದಾಳೆ."

"ಕ್ರಿಸ್‌ಮಸ್‌ಗೆ ಗ್ರೇವಿ ಪಾತ್ರೆ ಅಲ್ಲೇ ಇಡು. ಮುಚ್ಚೋಗುತ್ತೆ" ಎಂದನು ಗೇಲನ್.

"ಕ್ರಿಸ್‌ಮಸ್‌ವರೆಗೂ ಯಾಕೆ ಕಾಯ್ಬೇಕು?" ನಾರ್ಬ್ ದನಿ ತಗ್ಗಿಸಿದನು. "ನನ್ ಹೆಂಡ್ತಿ ಹತ್ರ ಕಲೆ ತೆಗೆಯೋ ಔಷಧ ಇದೆ. ಒಗೆದು, ಇಸ್ತ್ರಿ ಹಾಕಿ, ಡ್ರಾಯರಲ್ಲಿ ಇಟ್ಬಿಡು. ಬಟ್ಟೆ ಬಿಳಿ ಇತ್ತು ಅಂತ ಹೇಳು. ಶನಿವಾರ ಅವಳನ್ನ ಹತ್ತಿಸ್ಕೊಂಡು ಹಾರು. ತೊಟ್ಟು ಬಿತ್ತು ಅಂತ ಯಾರು ಹೇಳ್ತಾರೆ?"

ಅರ್ಜಿದಾರನು ಸ್ವಲ್ಪ ಹೊತ್ತು ತೊಟ್ಟನ್ನೇ ನೋಡಿದನು.

"ಅದರಲ್ಲಿ ಕೂರೋಳು ಅವಳು ಕಣೋ" ಎಂದನು.

ಮಿಕ್ಕಿಬ್ಬರೂ ಟೋಪಿ ಹಾಕಿಕೊಂಡು ಹೊರಟುಹೋದರು.

ಅವನು ಬಟ್ಟೆಯನ್ನು, ತೊಟ್ಟು ಮೇಲೆ ಕಾಣುವಂತೆ ಮಡಚಿ, ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ತಮ್ಮ ಮುಂದೆ ಇಟ್ಟನು.

"ಏನಿದು?"

"ಒಂದೇ ತೊಟ್ಟು."

"ಯಾವುದ್ರ ಮೇಲೆ ಲೀಲ್ಯಾಂಡ್?"

ತಾವು ಬಟ್ಟೆಯನ್ನು ಮುಟ್ಟಲೂ ಇಲ್ಲ. ಎದ್ದು ಹೋಗಿ ಕಾಫಿ ಬಗ್ಗಿಸಿದಿರಿ, ಒಂದೇ ಕಪ್ಪು, ಅದನ್ನು ಹಿಡಿದುಕೊಂಡು ವರಾಂಡಕ್ಕೆ ಹೋದಿರಿ. ಮದುವೆಯಾದಂದಿನಿಂದ ತಾವು ಒಂದೇ ಕಪ್ಪು ಕಾಫಿ ಬಗ್ಗಿಸಿದ್ದನ್ನು ಅವನು ನೋಡಿರಲಿಲ್ಲವಂತೆ. ಆಗ ಅವನಿಗೆ ತಾನು ಮಾಡಿದ್ದೇನೆಂದು ಅರ್ಥವಾಯಿತು.

9. ಈ ಕಂಡಿಕೆಯನ್ನು ಸೇರಿಸಬಾರದೆಂದು ಅರ್ಜಿದಾರನು ಕಟ್ಟುನಿಟ್ಟಾಗಿ ಹೇಳಿದ್ದಾನೆ. ಆದ್ದರಿಂದ ಇದನ್ನು ನನ್ನ ಸ್ವಂತ ಜವಾಬ್ದಾರಿಯಲ್ಲಿ ಸೇರಿಸಿದ್ದೇನೆ. ಆರ್ಡಿಸ್, ಕಣ್ಣಿನ ಡಾಕ್ಟರು ಅವನಿಗೆ ವಿಮಾನ ಹಾರಿಸಲು ಈ ವರ್ಷಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿದ್ದಾರೆ. ಹಿಮ ಬಿದ್ದರೆ ನಮ್ಮ ಹುಲ್ಲು ಓಡುದಾರಿ ಮುಚ್ಚುತ್ತದೆ, ತೆರೆಯುವ ಹೊತ್ತಿಗೆ ಅವನ ಕಾಗದದ ಅವಧಿ ಮುಗಿದಿರುತ್ತದೆ. ಇನ್ನೊಂದು ಬೇಸಿಗೆ ಅವನ ಕೈಯಲ್ಲಿದೆಯೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಇದನ್ನು ಹೇಳಿದರೆ ನೀನು ಮನಸ್ಸಿಲ್ಲದೆ, ಕನಿಕರಕ್ಕೆ ಬಂದು ಕೂರುತ್ತೀಯ ಎಂದು ಅವನಿಗೆ ಭಯ. ನೀನು ಕನಿಕರಕ್ಕೆ ಏನನ್ನೂ ಮಾಡಿದವಳಲ್ಲ ಎಂದು ನಾನು ಹೇಳಿದೆ, ಅವನು ನಂಬಲಿಲ್ಲ. ಸಿಟ್ಟು ಮಾಡಿಕೋ, ಅದು ನಿನ್ನ ಹಕ್ಕು. ಆ ಬಟ್ಟೆಗೆ ನಾನಾಗಿದ್ದರೆ ಅವನನ್ನು ಹ್ಯಾಂಗರಿನಲ್ಲೇ ಮಲಗಿಸುತ್ತಿದ್ದೆ. ಆದರೆ ಸಿಟ್ಟನ್ನು ಹಿಮ ಬೀಳುವವರೆಗೆ ಎಳೆಯಬೇಡ.

(ಕಂಡಿಕೆ ಮುಗಿಯಿತು. ಮತ್ತೆ ಅರ್ಜಿದಾರನ ಮಾತು.)

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಗಾಗಿ, ಮಾನ್ಯರು ದಯಮಾಡಿ,

ಅ) ಮೇಜುಬಟ್ಟೆಯ ಪ್ರಕರಣವನ್ನು ಎಂಜಿನ್ನಿನ ಪ್ರಕರಣದಿಂದ ಬೇರ್ಪಡಿಸಿ, ಅದಕ್ಕೆ ಪ್ರತ್ಯೇಕ ಶಿಕ್ಷೆ ವಿಧಿಸಬೇಕಾಗಿಯೂ, ಶಿಕ್ಷೆ ಎಷ್ಟೇ ದೀರ್ಘವಿದ್ದರೂ ಅರ್ಜಿದಾರನು ಮೇಲ್ಮನವಿ ಸಲ್ಲಿಸುವುದಿಲ್ಲವೆಂದೂ,

ಆ) ಉಲ್ಲೇಖ ಎರಡರ ಆದೇಶದಲ್ಲಿ "ಒಂದೂ ತೊಟ್ಟು" ಎಂಬಲ್ಲಿ "ಒಂದೇ ತೊಟ್ಟು" ಎಂದು ತಿದ್ದುಪಡಿ ಮಾಡಬೇಕಾಗಿಯೂ, ಸದರಿ ತಿದ್ದುಪಡಿಯನ್ನು ಅವನೇ ಮಾಡಬಹುದಿತ್ತಾದರೂ ಫ್ರಿಜ್ಜಿನ ಬಾಗಿಲು ಮುಟ್ಟಲು ಧೈರ್ಯ ಸಾಲಲಿಲ್ಲವೆಂದೂ,

ಇ) ಶನಿವಾರ ಬೆಳಿಗ್ಗೆ, ಗಾಳಿ ಏಳುವ ಮೊದಲು, ಬಲಗಡೆ ಸೀಟಿಗೆ ದಯಮಾಡಿಸಬೇಕಾಗಿಯೂ,

ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸಲಾಗಿದೆ.

ವಂದನೆಗಳೊಂದಿಗೆ,

ಸ್ಥಳ: ಟ್ಯಾಮರಾಕ್, ಎರಡನೇ ಹ್ಯಾಂಗರ್

ತಮ್ಮ ವಿಶ್ವಾಸಿ,
ಲೀಲ್ಯಾಂಡ್
(ಹೆಬ್ಬೆಟ್ಟಿನ ಗುರುತಲ್ಲ. ಸಹಿ ಹಾಕುವಾಗ ತಗುಲಿದ ಆಯಿಲ್.)

ಲಗತ್ತುಗಳು:
1. ಮೇಜುಬಟ್ಟೆ, ತೊಟ್ಟು ಸಹಿತ. ಒಗೆದಿಲ್ಲ, ತಿದ್ದಿಲ್ಲ. ತಾವು ಹೇಳಿದ ಹಾಗೆ ಒಗೆಯಲು ಅರ್ಜಿದಾರನು ಸಿದ್ಧ.
2. ಹಳೆಯ ಹಾಸುಬಟ್ಟೆ. ಗೇಲನ್ ಕೇಳುತ್ತಿದ್ದಾನೆ, ಕೊಡಬಹುದೇ ತಿಳಿಸುವುದು.
3. ಪಾದದ ಪುಡಿ, ಉಳಿದಷ್ಟು.
4. ನಾರ್ಬ್‌ನ ಹೆಂಡತಿ ಕಳಿಸಿದ ಕಲೆ ತೆಗೆಯುವ ಔಷಧ, ಜೊತೆಗೆ ಅವಳು ಬೇಯಿಸಿದ ಕುಂಬಳಕಾಯಿ ಕೇಕು. ಔಷಧ ಕೆಲಸ ಮಾಡದಿದ್ದಲ್ಲಿ ಕೇಕು.

ವಿಶೇಷ ಸೂಚನೆ: ಪರೀಕ್ಷೆಯ ಹಾರಾಟಗಳಲ್ಲಿ ಇಬ್ಬರು ಕೂತಾಗಿನ ತೂಕವನ್ನೂ ಪರೀಕ್ಷಿಸಬೇಕೆಂಬ ನಿಯಮವಿದೆ. ಆಗ ಇನ್ನೊಬ್ಬರನ್ನು ಕೂರಿಸುವಂತಿಲ್ಲವಾದ್ದರಿಂದ ಅರ್ಜಿದಾರನು ಬಲಗಡೆ ಸೀಟಿನಲ್ಲಿ ಒಂದು ಮರಳಿನ ಚೀಲವನ್ನಿಟ್ಟು ಬೆಲ್ಟು ಕಟ್ಟಿದನು. ತಮ್ಮ ತೂಕ ಕೇಳಲು ಹೆದರಿ, ಅಂದಾಜಿನಲ್ಲಿ, ಮರ್ಯಾದೆಗಾಗಿ ಸ್ವಲ್ಪ ಕಡಿಮೆಯೇ ತುಂಬಿದನು. ಹಾರುವಾಗಲೆಲ್ಲ ಸೇತುವೆ ದಾಟಿ ಎಡಕ್ಕೆ ತಿರುಗಿ, ತಮ್ಮ ಮನೆಯ ಮೇಲೆ ಬಂದ ಕೂಡಲೇ ಬಲಗಡೆಯ ರೆಕ್ಕೆ ತಗ್ಗಿಸಿ, "ನೋಡು, ನಮ್ಮನೆ" ಎಂದು ಆ ಚೀಲಕ್ಕೆ ತೋರಿಸುತ್ತಿದ್ದನೆಂದು ಈಗ ತಾನೇ, ಬಹಳ ಬಲವಂತ ಮಾಡಿದ ಮೇಲೆ, ಬಾಯಿಬಿಟ್ಟಿದ್ದಾನೆ. ಚೀಲ ಒಮ್ಮೆಯೂ ನೋಡಲಿಲ್ಲ. ತಾವಾದರೂ ಬಂದು ನೋಡಬೇಕಾಗಿ ಕೋರಿಕೆ.